ಮನೆ ಪಟ್ಟಿ ಯಾಕೆ ವರ್ಷಾವರ್ಷ ಏರ್ತಿದೆ? ಸವಣೂರಿನ ಮನೆ–ಅಂಗಡಿ ಮಾಲೀಕರು ತಿಳಿದಿರಬೇಕಾದ ಆಸ್ತಿ ತೆರಿಗೆ ಬದಲಾವಣೆಗಳು

ಸವಣೂರು: ಏಪ್ರಿಲ್ ಬಂತಂದ್ರೆ ಪುರಸಭೆ ಕಡೆ ಹೆಜ್ಜೆ ಹಾಕುವವರು ಹೆಚ್ಚು. ಕೈಯಲ್ಲಿ ಹೋದ ವರ್ಷದ ಪಾವತಿ, ಬಾಯಲ್ಲಿ ಒಂದೇ ಮಾತು: "ಮನೆ ಅದೇ, ಗೋಡೆ ಅದೇ, ಪಟ್ಟಿ ಮಾತ್ರ ಯಾಕ್ರೀ ಏರಿತು?"

ಪ್ರಶ್ನೆ ಸರಿಯಾದದ್ದೇ. ಇದಕ್ಕೆ ಉತ್ತರ ಕೌಂಟರ್‌ನಲ್ಲಿ ಕೂತ ಸಿಬ್ಬಂದಿ ಹತ್ತಿರ ಇಲ್ಲ, ಕಾನೂನಿನಲ್ಲಿದೆ. ಕಳೆದ ಐದಾರು ವರ್ಷಗಳಲ್ಲಿ ಆಸ್ತಿ ತೆರಿಗೆಯ ಲೆಕ್ಕ ಹಾಕುವ ವಿಧಾನವೇ ಬದಲಾಗಿದೆ. ಜೊತೆಗೆ ಇ–ಖಾತಾ ಕಡ್ಡಾಯವಾಗಿದೆ, ಬಿ–ಖಾತಾ ಬಂದಿದೆ, ಹಳ್ಳಿ ಕಡೆ 11ಬಿ ಮಾತು ಕೇಳಿಬರ್ತಿದೆ. ಒಂದೊಂದು ಬದಲಾವಣೆಯನ್ನೂ ನಾವು ಬಿಡಿಬಿಡಿಯಾಗಿ ಕೇಳಿರ್ತೇವೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಿಳಿಯುವುದು ಇಷ್ಟು: ಪುರಸಭೆ ದಾಖಲೆಯಲ್ಲಿ ನಿಮ್ಮ ಆಸ್ತಿಯ ಅಳತೆ, ಬಳಕೆ, ಕಟ್ಟಿದ ವರ್ಷ ಮತ್ತು ಹೆಸರು ತಪ್ಪಾಗಿದ್ದರೆ ಮೊದಲು ಅದು ಬರೀ ಕಾಗದದ ತಪ್ಪಾಗಿತ್ತು, ಈಗ ಅದು ವರ್ಷಾವರ್ಷ ಬೆಳೆಯುವ ರೊಕ್ಕದ ತಪ್ಪು.

ಪಟ್ಟಿ, ಉತಾರ: ಹಳೆಯ ಮಾತು, ಹೊಸ ಕಾಯ್ದೆ

ಸವಣೂರು ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾದ ಊರು. ಹಾಗಾಗಿ ಬೆಂಗಳೂರು ಕಡೆಯವರು 'ಕಂದಾಯ' ಅಂದದ್ದಕ್ಕೆ ನಾವು 'ಪಟ್ಟಿ' ಅಂತೀವಿ, 'ಖಾತಾ ನಕಲು' ಅನ್ನುವುದಕ್ಕೆ 'ಉತಾರ' ಅಂತೀವಿ. ಮಾತು ಹಳೆಯದಾದರೂ ಈಗ ನಮ್ಮ ಪಟ್ಟಿ ನಡೆಯುವುದು ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಪ್ರಕಾರ. ಕಟ್ಟಡ ಮತ್ತು ಖಾಲಿ ಜಾಗದ ಮೇಲೆ ತೆರಿಗೆ ಹಾಕುವ ಅಧಿಕಾರ ಅದರ 94ನೇ ಕಲಂನಲ್ಲಿದೆ. ತಾಲ್ಲೂಕಿನ ಹಳ್ಳಿಗಳಿಗೆ ಮಾತ್ರ ಕಾಯ್ದೆ ಬೇರೆ: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993, ಕಲಂ 199. ಈ ವ್ಯತ್ಯಾಸ ನೆನಪಿರಲಿ. ಹತ್ತಿಮತ್ತೂರಿನ ಮನೆಗೂ ಸವಣೂರು ಪೇಟೆಯ ಮನೆಗೂ ನಿಯಮ ಒಂದೇ ಅಲ್ಲ. ಮೊದಲು ಪಟ್ಟಣದ್ದು ನೋಡೋಣ.

ಮೂರು ಘಟ್ಟಗಳಲ್ಲಿ ಬದಲಾದ ಲೆಕ್ಕ

ಮೊದಲನೇ ಘಟ್ಟದಲ್ಲಿ ಪಟ್ಟಿ ಹಾಕುತ್ತಿದ್ದುದು ಬಾಡಿಗೆ ಅಂದಾಜಿನ ಮೇಲೆ. ಮನೆ ಬಾಡಿಗೆಗೆ ಹೋದರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ಸಿಬ್ಬಂದಿ ಅಂದಾಜು ಮಾಡಿ, ಅದರ ಮೇಲೆ ತೆರಿಗೆ ಹಾಕುತ್ತಿದ್ದರು. ಒಂದೇ ಓಣಿಯ ಎರಡು ಮನೆಗೆ ಎರಡು ಥರ ಪಟ್ಟಿ ಬರುತ್ತಿದ್ದುದು ಹೀಗೆ.

ಎರಡನೇ ಘಟ್ಟ 2002ರ ಏಪ್ರಿಲ್‌ನಿಂದ. ಬಾಡಿಗೆ ಅಂದಾಜು ಹೋಗಿ ಆಸ್ತಿಯ ಮೌಲ್ಯದ ಮೇಲೆ ತೆರಿಗೆ ಬಂತು. ಮಾಲೀಕರೇ ಲೆಕ್ಕ ಹಾಕಿ ಫಾರಂ ತುಂಬಿ ಕಟ್ಟುವ 'ಸ್ವಯಂ ಘೋಷಿತ ಆಸ್ತಿ ತೆರಿಗೆ' ಪದ್ಧತಿ ಶುರುವಾಯಿತು. ಕೆಲವು ವರ್ಷಗಳ ನಂತರ 2005–06ರ ಮಾರ್ಗಸೂಚಿ ಬೆಲೆಯ ಅರ್ಧವನ್ನು ಜಾಗದ ಮೌಲ್ಯ ಅಂತ ಹಿಡಿದು, ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15ರಷ್ಟು ತೆರಿಗೆ ಏರಿಸುತ್ತ ಬಂದರು. ಮಾರ್ಗಸೂಚಿ ಬೆಲೆ ಅಂದರೆ ಖರೀದಿ ಪತ್ರ ನೋಂದಣಿ ಮಾಡಿಸುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಡಿಯುವ ಸರ್ಕಾರಿ ದರ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ 45ಬಿ ಕಲಂ ಪ್ರಕಾರ ನಿಗದಿಯಾಗುವುದು.

ಮೂರನೇ ಘಟ್ಟವೇ ಈಗಿನದು. ಕಾಯ್ದೆ ತಿದ್ದುಪಡಿಯಾಗಿ 2021–22ನೇ ಸಾಲಿನಿಂದ ಹೊಸ ಲೆಕ್ಕ ಜಾರಿಗೆ ಬಂತು. ಮುಖ್ಯ ಬದಲಾವಣೆ ಎರಡು:

• ಜಾಗದ ಮೌಲ್ಯಕ್ಕೆ 2005–06ರ ಹಳೆ ದರ ಹೋಯಿತು. ಚಾಲ್ತಿಯಲ್ಲಿರುವ ಮಾರ್ಗಸೂಚಿ ಬೆಲೆಯ ಶೇ 25ನ್ನು ಹಿಡಿಯುತ್ತಾರೆ.

• ಮೂರು ವರ್ಷಕ್ಕೊಮ್ಮೆ ಏರಿಸುವುದು ಹೋಗಿ, ಪ್ರತಿ ವರ್ಷ ಶೇ 3ರಿಂದ ಶೇ 5ರವರೆಗೆ ಏರಿಸುವ ಕ್ರಮ ಬಂತು.

"ಅರ್ಧ ಇದ್ದದ್ದು ಕಾಲು ಆಯ್ತಲ್ಲ, ಪಟ್ಟಿ ಇಳೀಬೇಕಿತ್ತು" ಅಂತ ಕೇಳುವವರಿದ್ದಾರೆ. ಅಲ್ಲೇ ಇದೆ ವ್ಯತ್ಯಾಸ. ಚದರ ಅಡಿಗೆ 2005–06ರಲ್ಲಿ 100 ರೂಪಾಯಿ ಇದ್ದ ಜಾಗ ಅಂತ ಇಟ್ಕೊಳ್ರಿ. ಅದರ ಅರ್ಧ 50. ಅದೇ ಜಾಗದ ಈಗಿನ ಮಾರ್ಗಸೂಚಿ ಬೆಲೆ 800 ಆಗಿದ್ದರೆ ಅದರ ಕಾಲು ಭಾಗ 200. ಹಳೆ ಪದ್ಧತಿಯಲ್ಲಿ ಶೇ 15ರಂತೆ ಐದು ಸಲ ಏರಿದರೂ ತೆರಿಗೆ ಸುಮಾರು ಎರಡು ಪಟ್ಟು ಆಗುತ್ತಿತ್ತು, ಅಷ್ಟೇ. ಅಂದರೆ ಮಾರ್ಗಸೂಚಿ ಬೆಲೆ ಜೋರಾಗಿ ಏರಿದ ಕಡೆ ಹೊಸ ಲೆಕ್ಕ ಭಾರ, ಹೆಚ್ಚು ಏರದ ಹಳೆ ಓಣಿಗಳಲ್ಲಿ ಅಷ್ಟು ಭಾರ ಅನ್ನಿಸುವುದಿಲ್ಲ. ಹೆದ್ದಾರಿ ಅಂಚಿನ ಪ್ಲಾಟಿಗೂ ಒಳಗಿನ ಓಣಿಯ ಹಳೆ ಮನೆಗೂ ಪಟ್ಟಿ ಬೇರೆ ಬೇರೆ ವೇಗದಲ್ಲಿ ಏರುವುದು ಈ ಕಾರಣಕ್ಕೆ.

ರಾಜ್ಯದಲ್ಲಿ ಮಾರ್ಗಸೂಚಿ ಬೆಲೆಯ ದೊಡ್ಡ ಪರಿಷ್ಕರಣೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆಗ ಬಹಳ ಜನ "ನಾವೇನು ಮಾರ್ತೀವಾ, ಕೊಳ್ತೀವಾ, ನಮಗೇನು?" ಅಂದರು. ಮಾರದಿದ್ದರೂ ಕೊಳ್ಳದಿದ್ದರೂ ಆ ದರ ಈಗ ಪಟ್ಟಿಯ ಮೂಲಕ ಮನೆ ಬಾಗಿಲಿಗೆ ಬರುತ್ತದೆ. ಮುಂದಿನ ಸಲ ಕರಡು ದರಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕರೆದಾಗ ಸುಮ್ಮನಿರಬಾರದು ಅನ್ನುವುದು ಇದಕ್ಕೇ.

ಯಾಕೆ ಬದಲಾಯಿಸಿದರು?

ಇದು ಸವಣೂರು ಪುರಸಭೆಯ ತೀರ್ಮಾನ ಅಲ್ಲ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೆಚ್ಚುವರಿ ಸಾಲ ತೆಗೆದುಕೊಳ್ಳಲು ಅವಕಾಶ ಕೊಟ್ಟು ಕೆಲವು ಷರತ್ತು ಹಾಕಿತು. ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಮಾರ್ಗಸೂಚಿ ಬೆಲೆಗೆ ಹೊಂದಿಸಬೇಕು ಅನ್ನುವುದು ಅದರಲ್ಲಿ ಒಂದು. ನಂತರ 15ನೇ ಹಣಕಾಸು ಆಯೋಗವೂ ಪಟ್ಟಣಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆಯ ಕನಿಷ್ಠ ದರ ಪ್ರಕಟಿಸಬೇಕು, ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕು ಅಂತ ಹೇಳಿತು. ಹಾಗಾಗಿ ಪುರಸಭೆ ಪಟ್ಟಿ ಏರಿಸದಿದ್ದರೆ ನಷ್ಟ ಪಟ್ಟಿಯ ರೊಕ್ಕಕ್ಕೆ ನಿಲ್ಲುವುದಿಲ್ಲ. ಮೇಲಿನಿಂದ ಬರುವ ಅನುದಾನಕ್ಕೂ ತೊಡಕು.

ಹಾಗಂತ ಪುರಸಭೆ ಸದಸ್ಯರ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಕಾಯ್ದೆ ಹಾಕಿದ ಮಿತಿಯೊಳಗೆ ದರ ಎಷ್ಟಿರಬೇಕು, ವರ್ಷದ ಏರಿಕೆ 3 ಇರಬೇಕೋ 5 ಇರಬೇಕೋ ಅನ್ನುವುದು ಚರ್ಚೆಗೆ ಬರುವುದು ಸಾಮಾನ್ಯ ಸಭೆಯಲ್ಲೇ. ಶೇ 3ರಂತೆ ಮೂರು ವರ್ಷ ಏರಿದರೆ ಒಟ್ಟು ಏರಿಕೆ ಸುಮಾರು ಶೇ 9.3. ಶೇ 5ರಂತೆ ಏರಿದರೆ ಸುಮಾರು ಶೇ 15.8. ವಾರ್ಡ್ ಸದಸ್ಯರನ್ನು ಕೇಳಬೇಕಾದ ಪ್ರಶ್ನೆ ಇದು. ಕೇಳಬೇಕಾದ ಸಮಯ ಪಟ್ಟಿ ಕೈಗೆ ಬಂದ ಮೇಲಲ್ಲ, ಬಜೆಟ್‌ಗೆ ಮೊದಲು.

ನಿಮ್ಮ ಪಟ್ಟಿ ನೀವೇ ಲೆಕ್ಕ ಹಾಕಿ ನೋಡ್ರಿ

ಲೆಕ್ಕ ಕಷ್ಟದ್ದಲ್ಲ. ಜಾಗದ ಮೌಲ್ಯ, ಕಟ್ಟಡದ ಮೌಲ್ಯ ಎರಡನ್ನೂ ಕೂಡಿಸಬೇಕು. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯಬೇಕು. ಬಂದ ಮೊತ್ತದ ಮೇಲೆ ತೆರಿಗೆ ದರ ಹಾಕಬೇಕು. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲಿಕ್ಕೆ ಮಾತ್ರ ಇಟ್ಟುಕೊಂಡವು. ನಿಮ್ಮ ಓಣಿಯ ಮಾರ್ಗಸೂಚಿ ಬೆಲೆ ಕಾವೇರಿ ಜಾಲತಾಣದಲ್ಲಿ ಇಲ್ಲವೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಕಟ್ಟಡದ ದರ, ಸವಕಳಿ ಮತ್ತು ತೆರಿಗೆ ದರ ಪುರಸಭೆಯಲ್ಲಿ ಸಿಗುತ್ತವೆ.

• ಜಾಗ: 30×40, ಅಂದರೆ 1,200 ಚದರ ಅಡಿ. ಮಾರ್ಗಸೂಚಿ ಬೆಲೆ 800 ರೂ. ಅಂತ ಹಿಡಿದರೆ 9,60,000. ಅದರ ಶೇ 25 ಅಂದರೆ 2,40,000 ರೂ.

• ಕಟ್ಟಡ: 800 ಚದರ ಅಡಿ, ದರ 700 ರೂ. ಅಂತ ಹಿಡಿದರೆ 5,60,000. ಸವಕಳಿ ಶೇ 25 ಅಂತ ಕಳೆದರೆ 4,20,000 ರೂ.

• ಎರಡೂ ಕೂಡಿ ತೆರಿಗೆಗೆ ಒಳಪಡುವ ಮೌಲ್ಯ: 6,60,000 ರೂ.

• ತೆರಿಗೆ ದರ ಶೇ 0.5 ಅಂತ ಹಿಡಿದರೆ: 3,300 ರೂ.

ಇದರ ಮೇಲೆ ಉಪಕರಗಳು. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3, ಮೂರೂ ಸೇರಿ ಶೇ 24. ಇವು ಆಸ್ತಿಯ ಮೌಲ್ಯದ ಮೇಲಲ್ಲ, ತೆರಿಗೆ ಮೊತ್ತದ ಮೇಲೆ. 3,300ಕ್ಕೆ 792 ರೂ. ಅಲ್ಲಿಗೆ 4,092 ಆಯಿತು. ಇದಲ್ಲದೆ ಕಸ ವಿಲೇವಾರಿ ಶುಲ್ಕದಂಥವು ಬೇರೆ ಸಾಲಿನಲ್ಲಿ ಬರುತ್ತವೆ. ನಳದ ಪಟ್ಟಿ ಇದರಲ್ಲಿ ಸೇರಿಲ್ಲ, ಅದು ಬೇರೆ.

ಈಗ ಅಸಲು ಮಾತಿಗೆ ಬರೋಣ. ಇದೇ ಮನೆಯ ಕಟ್ಟಡ ದಾಖಲೆಯಲ್ಲಿ 800ರ ಬದಲು 1,000 ಚದರ ಅಡಿ ಅಂತ ಬರೆದಿದ್ದರೆ? ತೆರಿಗೆ 3,825 ಆಗುತ್ತದೆ. ವ್ಯತ್ಯಾಸ 525, ಉಪಕರ ಸೇರಿ 651 ರೂ. ಒಂದು ವರ್ಷಕ್ಕೆ ಇಷ್ಟು. ಹತ್ತು ವರ್ಷ ಯಾರೂ ನೋಡದಿದ್ದರೆ ಆರೂವರೆ ಸಾವಿರದ ಮೇಲೆ, ವಾರ್ಷಿಕ ಏರಿಕೆ ಬೇರೆ. ಹಿಂದೆ ಯಾರೋ ಅಂದಾಜಿಗೆ ಬರೆದ ಒಂದು ಅಂಕಿ ಇವತ್ತು ಕಂಪ್ಯೂಟರಿಗೆ ಏರಿ ಕೂತಿದ್ದರೆ, ಅದು ತಾನಾಗಿ ಸರಿಹೋಗುವುದಿಲ್ಲ.

ಅಂಗಡಿಕಾರರು ನೋಡಬೇಕಾದ್ದು

ವಾಸದ ಮನೆಗಿಂತ ವಾಣಿಜ್ಯ ಕಟ್ಟಡಕ್ಕೆ ದರ ಹೆಚ್ಚು. ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಎಷ್ಟೋ ಇವೆ. ಅಂಥ ಕಡೆ ಪೂರ್ತಿ ಕಟ್ಟಡಕ್ಕೆ ವಾಣಿಜ್ಯ ದರ ಹಾಕುವಂತಿಲ್ಲ. ಅಂಗಡಿಯ ಅಳತೆಗೆ ವಾಣಿಜ್ಯ ದರ, ವಾಸದ ಭಾಗಕ್ಕೆ ವಾಸದ ದರ. ಮನೆಯ ಮುಂದಿನ ಒಂದು ಖೋಲಿಯಲ್ಲಿ ಕಿರಾಣಿ ಇಟ್ಟವರೂ ಅಷ್ಟೇ, ಆ ಖೋಲಿಯ ಅಳತೆ ಮಾತ್ರ ಬೇರೆ ತೋರಿಸಬೇಕು.

ಇದರ ಇನ್ನೊಂದು ಮಗ್ಗಲೂ ಇದೆ. ಅಂಗಡಿ ಇದ್ದೂ ಮನೆ ಅಂತ ತೋರಿಸಿದರೆ, ತಪಾಸಣೆಯಲ್ಲಿ ಸಿಕ್ಕಾಗ ವ್ಯತ್ಯಾಸದ ತೆರಿಗೆಯ ಜೊತೆ ದಂಡವೂ ಬೀಳುತ್ತದೆ. ಸ್ವಯಂ ಘೋಷಣೆ ಅಂದರೆ ಸಹಿ ನಮ್ಮದು, ಜವಾಬ್ದಾರಿಯೂ ನಮ್ಮದು. ಹಾಗೆಯೇ ಅಂಗಡಿ ಮುಚ್ಚಿ ಅದನ್ನು ವಾಸಕ್ಕೆ ತಿರುಗಿಸಿ ವರ್ಷಗಳಾದರೂ ವಾಣಿಜ್ಯ ದರವನ್ನೇ ಕಟ್ಟುತ್ತಿರುವವರು ಅರ್ಜಿ ಕೊಟ್ಟು ಬಳಕೆ ಬದಲಾಯಿಸಿಕೊಳ್ಳಬೇಕು. ಯಾರೂ ಬಂದು ತಾವಾಗಿ ಬದಲಾಯಿಸಿ ಹೋಗುವುದಿಲ್ಲ.

ಬಾಡಿಗೆ ಅಂಗಡಿಯಲ್ಲಿ ಇರುವವರಿಗೆ: ಆಸ್ತಿ ತೆರಿಗೆಯ ಹೊಣೆ ಮಾಲೀಕರದ್ದು. ಕರಾರು ಪತ್ರದಲ್ಲಿ "ಪಟ್ಟಿ ಬಾಡಿಗೆದಾರರೇ ಕಟ್ಟಬೇಕು" ಅಂತ ಇದ್ದರೆ ಅದು ನಿಮ್ಮಿಬ್ಬರ ನಡುವಿನ ಮಾತು. ಕಟ್ಟುವುದಾದರೆ ಪಾವತಿಯ ಪ್ರತಿ ಇಟ್ಕೊಳ್ರಿ. ಮಾಲೀಕರಿಗೆ: ಬಾಡಿಗೆ ಆದಾಯದ ಮೇಲೆ ಆದಾಯ ತೆರಿಗೆ ಲೆಕ್ಕ ಹಾಕುವಾಗ ಪುರಸಭೆಗೆ ಕಟ್ಟಿದ ತೆರಿಗೆಯನ್ನು ಕಳೆಯಲು ಅವಕಾಶವಿದೆ. ಆದರೆ ಆ ವರ್ಷ ಮಾಲೀಕರೇ ನಿಜವಾಗಿ ಕಟ್ಟಿರಬೇಕು; ಬಾಕಿ ಇಟ್ಟದ್ದಕ್ಕೆ ಈ ಅನುಕೂಲ ಇಲ್ಲ.

ಖಾಲಿ ಪ್ಲಾಟಿಗೂ ಪಟ್ಟಿ ಇದೆ

"ಕಟ್ಟಡವೇ ಇಲ್ಲ, ಪಟ್ಟಿ ಯಾವುದಕ್ಕೆ?" ಅಂತ ಪ್ಲಾಟ್ ಕೊಂಡು ಬಿಟ್ಟವರು ಹೇಳ್ತಾರೆ. ಕಾಯ್ದೆಯಲ್ಲಿ ಖಾಲಿ ಜಾಗಕ್ಕೂ ತೆರಿಗೆ ಇದೆ. ಮನೆ ಕಟ್ಟುವಾಗ ಪರವಾನಗಿ ಕೇಳಲು ಹೋದಾಗ ಹಿಂದಿನ ಎಲ್ಲ ವರ್ಷಗಳ ಬಾಕಿ ದಂಡ ಸಮೇತ ಎದುರಿಗೆ ಬರುತ್ತದೆ. ಎಲೆ ತೋಟ, ಹೊಲ ಸಾಗುವಳಿಯಲ್ಲಿ ಇರುವವರೆಗೆ ಅದರ ಲೆಕ್ಕ ಪಹಣಿ ಮತ್ತು ಭೂಕಂದಾಯದ ಕಡೆ. ಎನ್‌.ಎ. ಮಾಡಿಸಿ ಪ್ಲಾಟ್ ಹಾಕಿದ ಮೇಲೆ ಅದು ಪಟ್ಟಿಯ ಲೆಕ್ಕಕ್ಕೆ ಬರುತ್ತದೆ.

ಏಪ್ರಿಲ್, ಜೂನ್, ಜುಲೈ: ಮೂರು ತಿಂಗಳ ಲೆಕ್ಕ

• ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ. ಮೇಲಿನ ಉದಾಹರಣೆಯಲ್ಲಿ 165 ರೂ. ಉಳಿತಾಯ. ಕೆಲವು ವರ್ಷ ಸರ್ಕಾರ ಈ ಅವಧಿ ವಿಸ್ತರಿಸಿದ್ದುಂಟು, ಆದರೆ ಅದನ್ನೇ ನಂಬಿ ಕೂರಬಾರದು.

• ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ.

• ಜುಲೈ 1ರಿಂದ ತಿಂಗಳಿಗೆ ಶೇ 2 ದಂಡ. 3,300ಕ್ಕೆ ತಿಂಗಳಿಗೆ 66 ರೂ. ಮಾರ್ಚ್‌ವರೆಗೆ ಒಂಬತ್ತು ತಿಂಗಳು ಬಿಟ್ಟರೆ 594 ರೂ.

ವರ್ಷಕ್ಕೆ ಶೇ 24 ಅಂದರೆ ಬ್ಯಾಂಕಿನ ಬಂಗಾರ ಸಾಲದ ಬಡ್ಡಿಗಿಂತ ಹೆಚ್ಚು. ಎರಡು ಮೂರು ವರ್ಷ ಬಾಕಿ ಇರುವವರು ಇದನ್ನು ನೆನಪಿಡಬೇಕು. ಇನ್ನೊಂದು ಮಾತು: ತೆರಿಗೆ ಬಾಕಿ ಮಾಲೀಕನ ಬೆನ್ನಿಗಲ್ಲ, ಆಸ್ತಿಯ ಬೆನ್ನಿಗೆ ಅಂಟಿರುತ್ತದೆ. ಮನೆ ಅಥವಾ ಅಂಗಡಿ ಖರೀದಿಗೆ ಮಾತಾಡುವಾಗ ಸಾಲಿನ ಪಾವತಿ ಒಂದೇ ನೋಡಿ ಒಪ್ಪಬಾರದು. ಹಿಂದಿನ ಬಾಕಿ ಇಲ್ಲ ಅನ್ನುವುದನ್ನು ಪುರಸಭೆಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಮುಂಗಡ ಕೊಡಬೇಕು.

ಇ–ಖಾತಾ ಇಲ್ಲದೆ ಮಾರಾಟ ಇಲ್ಲ

2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ–ಖಾತಾ ಕಡ್ಡಾಯವಾಗಿದೆ. ಪುರಸಭೆಯ ಇ–ಆಸ್ತಿ ತಂತ್ರಾಂಶದಲ್ಲಿ ಆಸ್ತಿಯ ಮಾಹಿತಿ ಇದ್ದರೆ ಮಾತ್ರ ನೋಂದಣಿಯ ಕಾವೇರಿ ತಂತ್ರಾಂಶ ಮುಂದಕ್ಕೆ ಹೋಗುತ್ತದೆ. ಕೈಬರಹದ ಹಳೆ ಉತಾರ ತೋರಿಸಿ ಖರೀದಿ ಪತ್ರ ಮಾಡಿಸುವ ಕಾಲ ಮುಗಿಯಿತು.

ಇದರಿಂದ ಒಳ್ಳೆಯದೂ ಆಗಿದೆ. ಒಂದೇ ಪ್ಲಾಟನ್ನು ಇಬ್ಬರಿಗೆ ಮಾರುವುದು, ಇನ್ನೊಬ್ಬರ ಜಾಗಕ್ಕೆ ಸುಳ್ಳು ಉತಾರ ತೋರಿಸುವುದು ಮೊದಲಿನಷ್ಟು ಸುಲಭ ಅಲ್ಲ. ತೊಂದರೆ ಆಗುವುದು ತಂದೆ, ಅಜ್ಜನ ಹೆಸರಿನಲ್ಲೇ ಆಸ್ತಿ ಬಿಟ್ಟವರಿಗೆ. ಮಗಳ ಮದುವೆಗೋ ದವಾಖಾನೆ ಖರ್ಚಿಗೋ ಜಾಗ ಮಾರಬೇಕಾದಾಗ, ಅಥವಾ ಬ್ಯಾಂಕ್ ಸಾಲಕ್ಕೆ ಹೋದಾಗ, ಆಗ ಗೊತ್ತಾಗುತ್ತದೆ: ತೀರಿಹೋದವರ ಹೆಸರು ಇನ್ನೂ ಹಾಗೇ ಇದೆ, ವಾರಸುದಾರರು ಐವರು, ಇಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಪುಣೆಯಲ್ಲಿ. ಎಲ್ಲರ ಸಹಿ ಕೂಡಿಸುವ ಹೊತ್ತಿಗೆ ಗಿರಾಕಿ ಕೈಬಿಟ್ಟು ಹೋಗಿರ್ತಾನೆ. ಹೆಸರು ಬದಲಾವಣೆ ಕೆಲಸ ಅವಸರ ಇಲ್ಲದಾಗ ಮಾಡಿಸಬೇಕು.

ಇ–ಖಾತಾಕ್ಕೆ ಸಾಮಾನ್ಯವಾಗಿ ಕೇಳುವ ಕಾಗದಗಳು:

• ನೋಂದಣಿಯಾದ ಪತ್ರ: ಖರೀದಿ, ಬಕ್ಷೀಸು, ವಾಟ್ನಿ ಅಥವಾ ಹಕ್ಕು ಬಿಟ್ಟ ಪತ್ರ. ಸರ್ಕಾರ ಕೊಟ್ಟ ಜಾಗವಾದರೆ ಹಕ್ಕುಪತ್ರ

• ಋಣಭಾರ ಪ್ರಮಾಣಪತ್ರ (ಜನ 'ಇ.ಸಿ.' ಅನ್ನುವುದು ಇದಕ್ಕೇ)

• ಚಾಲ್ತಿ ಸಾಲಿನ ತೆರಿಗೆ ಪಾವತಿ

• ಮಾಲೀಕರ ಫೋಟೊ ಮತ್ತು ಆಧಾರ್ ಪ್ರತಿ, ಆಸ್ತಿಯ ಫೋಟೊ

• ಎನ್‌.ಎ. ಆದೇಶ, ಬಡಾವಣೆ ನಕ್ಷೆ (ಹೊಸ ಪ್ಲಾಟುಗಳಿಗೆ)

• ಮಾಲೀಕರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ

ಬಿ–ಖಾತಾ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಎನ್‌.ಎ. ಆಗದ, ನಕ್ಷೆ ಮಂಜೂರಾಗದ ಬಡಾವಣೆಗಳಲ್ಲಿ ಪ್ಲಾಟ್ ಕೊಂಡವರ ಪಾಡು ಬಹಳ ವರ್ಷ ನಡುನೀರಿನಲ್ಲಿತ್ತು. ಖರೀದಿ ಪತ್ರ ಕೈಯಲ್ಲಿದ್ದರೂ ಪುರಸಭೆಯಲ್ಲಿ ಉತಾರ ಇಲ್ಲ. ಇಂಥವರಿಗೆ ಬಿ–ಖಾತಾ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರುವರಿಯಲ್ಲಿ ಶುರು ಮಾಡಿತು. 2024ರ ಸೆಪ್ಟೆಂಬರ್ 10ರೊಳಗೆ ನೋಂದಣಿಯಾದ ಪತ್ರ ಇದ್ದವರಿಗೆ ಅವಕಾಶ ಅಂತ ನಿಗದಿಯಾಯಿತು. ಮೊದಲ ಸಲ ದುಪ್ಪಟ್ಟು ತೆರಿಗೆ, ಮುಂದಿನ ವರ್ಷಗಳಿಂದ ಸಾಮಾನ್ಯ ತೆರಿಗೆ.

ಇಲ್ಲಿ ಸ್ಪಷ್ಟವಾಗಿ ತಿಳಿದುಕೊಳ್ಳಬೇಕಾದ ಮಾತು ಎರಡು. ಒಂದು, ಬಿ–ಖಾತಾ ಸಿಕ್ಕಿತು ಅಂದರೆ ಜಾಗ ಸಕ್ರಮ ಆಯಿತು ಅಂತಲ್ಲ. ತೆರಿಗೆ ಲೆಕ್ಕಕ್ಕೆ ಬಂತು, ದಾಖಲೆಯಲ್ಲಿ ನಿಮ್ಮ ಹೆಸರು ಕೂತಿತು, ಅಷ್ಟು. ಎರಡು, 'ಅಕ್ರಮ–ಸಕ್ರಮ' ಅನ್ನುವುದು ಬೇರೆ ಯೋಜನೆ. ಅದಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಯಾರಾದರೂ "ಬಿ–ಖಾತಾ ಇದೆ, ಎಲ್ಲ ಸಕ್ರಮ ಆದಂಗೇ" ಅಂತ ಹೇಳಿ ಪ್ಲಾಟ್ ಮಾರಲು ಬಂದರೆ ಬಡಾವಣೆ ನಕ್ಷೆ ಮತ್ತು ಎನ್‌.ಎ. ಆದೇಶ ಕೇಳ್ರಿ. ಕೊಡದಿದ್ದರೆ ಕಡಿಮೆ ದರದ ಆಸೆಗೆ ಬೀಳಬೇಡ್ರಿ.

ಎ–ಖಾತಾ ಇದ್ದವರೂ ತಿಳಿದಿರಬೇಕಾದ್ದು: ಖಾತಾ ಇರುವುದು ತೆರಿಗೆ ಸಲುವಾಗಿ. ಮಾಲೀಕತ್ವ ಸಾಬೀತಾಗುವುದು ನೋಂದಣಿಯಾದ ಪತ್ರಗಳಿಂದ. ಖಾತಾದಲ್ಲಿ ಹೆಸರಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ ಅಂತ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಪಟ್ಟಿ ಪಾವತಿ ಹಿಡಿದು "ಮನೆ ನಂದೇ" ಅಂತ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಮೊದಲು ಇದನ್ನು ನೆನೆಸಿಕೊಳ್ಳಬೇಕು.

ಹಳ್ಳಿಗಳಲ್ಲಿ: 9, 11ಎ, 11ಬಿ

ಯಲವಿಗಿ, ಹತ್ತಿಮತ್ತೂರು, ಕಾರಡಗಿ, ಹುರಳಿಕುಪ್ಪಿ, ಹೀಗೆ ತಾಲ್ಲೂಕಿನ ಹಳ್ಳಿಗಳ ಮನೆಗಳಿಗೆ ಗ್ರಾಮ ಪಂಚಾಯಿತಿಯ ಇ–ಸ್ವತ್ತು ದಾಖಲೆ. ಗಾವಠಾಣದೊಳಗಿನ ಮನೆ, ಎನ್‌.ಎ. ಆದ ಪ್ಲಾಟ್, ಸರ್ಕಾರಿ ಯೋಜನೆಯಲ್ಲಿ ಸಿಕ್ಕ ನಿವೇಶನ ಇಂಥ ಅಧಿಕೃತ ಆಸ್ತಿಗೆ ನಮೂನೆ 9 ಮತ್ತು 11ಎ. ಉಳಿದವಕ್ಕೆ 11ಬಿ. ಹೊಲದಲ್ಲಿ ಎನ್‌.ಎ. ಇಲ್ಲದೆ ಕಟ್ಟಿದ ಮನೆಗಳು ದಾಖಲೆಗೂ ಇಲ್ಲ, ತೆರಿಗೆಗೂ ಇಲ್ಲ ಅನ್ನುವ ಸ್ಥಿತಿ ಇತ್ತು. 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನೂ 11ಬಿ ಮೂಲಕ ತೆರಿಗೆ ವ್ಯಾಪ್ತಿಗೆ ತಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇ–ಸ್ವತ್ತು 2.0 ಚಾಲನೆಗೆ ಬಂತು. ಅರ್ಜಿ ಆನ್‌ಲೈನಿನಲ್ಲಿ ಹಾಕಬಹುದು.

11ಬಿ ಕೂಡ ಪಟ್ಟಣದ ಬಿ–ಖಾತಾ ಇದ್ದ ಹಾಗೆಯೇ. ದಾಖಲೆ ಸಿಗುತ್ತದೆ, ಆದರೆ ಎನ್‌.ಎ. ಮಾಡಿಸಿದ ಲೆಕ್ಕ ಆಗುವುದಿಲ್ಲ. ಅರ್ಜಿ ಹಾಕುವ ಮೊದಲು ಪಂಚಾಯಿತಿ ಪಿಡಿಒ ಹತ್ತಿರ ಹೋಗಿ ಆಸ್ತಿಯ ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಸರಿ ಬರೆದಿದ್ದಾರಾ ನೋಡ್ಕೊಳ್ರಿ. ತಪ್ಪು ಗಡಿ ಒಮ್ಮೆ ಆನ್‌ಲೈನ್ ದಾಖಲೆಗೆ ಏರಿದರೆ ತೆಗೆಸುವ ಓಡಾಟ ಬಹಳ.

ದಾಖಲೆ ತಪ್ಪಿದ್ದರೆ ಏನು ಮಾಡಬೇಕು?

1. ಮೊದಲು ಪುರಸಭೆಯಿಂದ ನಿಮ್ಮ ಆಸ್ತಿಯ ಉತಾರ ತೆಗೆದುಕೊಳ್ಳಬೇಕು. ಜಾಗದ ಅಳತೆ, ಕಟ್ಟಡದ ಅಳತೆ, ಬಳಕೆ, ಕಟ್ಟಿದ ವರ್ಷ, ಹೆಸರು, ಈ ಐದನ್ನೂ ನಿಮ್ಮ ಪತ್ರದ ಜೊತೆ ಹೋಲಿಸಬೇಕು. ಕಟ್ಟಿದ ವರ್ಷ ತಪ್ಪಿದ್ದರೆ ಸವಕಳಿ ಕಡಿಮೆ ಸಿಕ್ಕು ಪಟ್ಟಿ ಹೆಚ್ಚಾಗುತ್ತದೆ. ಬಹಳ ಜನ ನೋಡದೇ ಬಿಡುವ ಸಾಲು ಇದು.

2. ತಪ್ಪಿದ್ದರೆ ಬಾಯಿಮಾತಲ್ಲಿ ಹೇಳಿ ಬರಬಾರದು. ಮುಖ್ಯಾಧಿಕಾರಿಗಳ ಹೆಸರಿಗೆ ಅರ್ಜಿ ಬರೆದು, ಪತ್ರದ ಪ್ರತಿ ಹಚ್ಚಿ, ಸ್ಥಳ ಪರಿಶೀಲನೆ ಮಾಡಿ ಅಳತೆ ಸರಿಪಡಿಸಲು ಕೇಳಬೇಕು. ಇನ್ನೊಂದು ಪ್ರತಿಯ ಮೇಲೆ ಠಸ್ಸೆ ಮತ್ತು ತಾರೀಖು ಹಾಕಿಸಿಕೊಳ್ಳಬೇಕು.

3. ಖಾತಾ ಸಂಬಂಧದ ಸೇವೆಗಳು ಸಕಾಲ ಕಾಯ್ದೆ (2011) ವ್ಯಾಪ್ತಿಯಲ್ಲಿವೆ. ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ ಸಂಖ್ಯೆ ಕೇಳಿ ಪಡೀಬೇಕು. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರಕ್ಕೂ ಅವಕಾಶವಿದೆ.

4. ಪಟ್ಟಿ ಯಾವ ದರದಲ್ಲಿ ಹಾಕಿದ್ದಾರೆ ಅಂತ ಯಾರೂ ಹೇಳದಿದ್ದರೆ, ಮಾಹಿತಿ ಹಕ್ಕು ಕಾಯ್ದೆ 2005ರಡಿ 10 ರೂ. ಶುಲ್ಕದ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು.

5. ತಕರಾರು ಇದೆ ಅಂತ ಪಟ್ಟಿ ಕಟ್ಟುವುದನ್ನು ನಿಲ್ಲಿಸಿದರೆ ಶೇ 2ರ ದಂಡ ಓಡುತ್ತಲೇ ಇರುತ್ತದೆ. ತಿದ್ದುಪಡಿ ಅರ್ಜಿ ಕೊಟ್ಟು, ಅದರ ಉಲ್ಲೇಖ ಇಟ್ಟುಕೊಂಡು ಕಟ್ಟುವುದು ಜಾಣತನ.

ಓದುಗರು ಹೆಚ್ಚು ಕೇಳುವ ಪ್ರಶ್ನೆಗಳು

*ಮನೆ ಬಿದ್ದು ಬಯಲಾಗಿದೆ. ಕಟ್ಟಡದ ಪಟ್ಟಿ ಕಟ್ಟಬೇಕಾ?*
ಕಟ್ಟಡ ಇಲ್ಲ ಅಂತ ಅರ್ಜಿ ಮತ್ತು ಫೋಟೊ ಕೊಟ್ಟು ದಾಖಲೆ ಬದಲಾಯಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಖಾಲಿ ಜಾಗದ ತೆರಿಗೆ. ಹೇಳದಿದ್ದರೆ ಕಟ್ಟಡದ ಲೆಕ್ಕವೇ ಮುಂದುವರಿಯುತ್ತದೆ.

*ಅಣ್ಣತಮ್ಮಂದಿರು ಮನೆ ಹಂಚಿಕೊಂಡಿದ್ದೇವೆ, ಆದರೆ ಪಟ್ಟಿ ಒಂದೇ ಬರ್ತದೆ.*
ಊರ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದ ವಾಟ್ನಿ ಸಾಲುವುದಿಲ್ಲ. ವಾಟ್ನಿ ಪತ್ರ ನೋಂದಣಿ ಮಾಡಿಸಿದ ಮೇಲೆ ಬೇರೆ ಬೇರೆ ಖಾತಾಕ್ಕೆ ಅರ್ಜಿ ಹಾಕಬಹುದು.

*ಗುಡಿ, ಮಸೀದಿ, ಚರ್ಚಿಗೆ ತೆರಿಗೆ ಇದೆಯಾ?*
ಸಾರ್ವಜನಿಕ ಪೂಜೆ, ಪ್ರಾರ್ಥನೆಗೆ ಮಾತ್ರ ಬಳಸುವ ಕಟ್ಟಡಕ್ಕೆ ವಿನಾಯಿತಿ ಇದೆ. ಅದೇ ಆವರಣದ ಅಂಗಡಿಗಳನ್ನು ಬಾಡಿಗೆಗೆ ಕೊಟ್ಟಿದ್ದರೆ ಆ ಭಾಗಕ್ಕೆ ತೆರಿಗೆ ಬರುತ್ತದೆ.

*ಹಳೆ ಪಾವತಿಗಳನ್ನು ಎಷ್ಟು ವರ್ಷ ಇಡಬೇಕು?*
ಒಗೆಯಲೇಬಾರದು. ಕಂಪ್ಯೂಟರಿಗೆ ಏರಿಸುವಾಗ ಹಳೆ ವರ್ಷದ್ದು ಬಾಕಿ ಅಂತ ತೋರಿಸಿದ್ದರೆ, ಕಟ್ಟಿದ್ದಕ್ಕೆ ಸಾಕ್ಷಿ ನಿಮ್ಮ ಕೈಯಲ್ಲಿರುವ ಆ ಕಾಗದ ಒಂದೇ. ಫೋಟೊ ತೆಗೆದು ಮೊಬೈಲಿನಲ್ಲೂ ಇಟ್ಕೊಳ್ರಿ.

ಪಟ್ಟಿ ಏರುವುದನ್ನು ಒಬ್ಬೊಬ್ಬರಾಗಿ ನಿಲ್ಲಿಸಲಿಕ್ಕಾಗದು. ತಪ್ಪು ಅಳತೆಗೆ, ತಪ್ಪು ಬಳಕೆಗೆ ಕಟ್ಟುವುದನ್ನು ಮಾತ್ರ ನಿಲ್ಲಿಸಬಹುದು. ಈ ಸಲ ಪುರಸಭೆಗೆ ಹೋದಾಗ ರೊಕ್ಕ ಕಟ್ಟಿ ಪಾವತಿ ಮಡಚಿ ಜೇಬಿಗೆ ಹಾಕುವ ಮೊದಲು ಉತಾರ ಒಂದು ಕೇಳಿ ತೆಗೆದುಕೊಳ್ರಿ. ಮನೆಗೆ ಬಂದು ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೀರಿ. ಅರ್ಧ ತಾಸಿನ ಕೆಲಸ.